ಸಸಿಗೆ ಬೇರು ಬರುತ್ತಿಲ್ಲವೇ? ಹಾರ್ಮೋನು ಪುಡಿಯ ಡಬ್ಬಿ ತೆರೆಯುವ ಮುನ್ನ

ಹತ್ತು ದಿನದ ಟೊಮ್ಯಾಟೊ ಸಸಿ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಬೀಜದಳಗಳೆರಡೂ ಅಗಲವಾಗಿ ಬಿಚ್ಚಿಕೊಂಡಿವೆ, ನಡುವೆ ಮೊದಲ ನಿಜ ಎಲೆ ಇಣುಕುತ್ತಿದೆ. ಮೂರು ದಿನ ಬಿಟ್ಟು ನೋಡಿದರೆ ಹಾಗೆಯೇ ಇದೆ. ವಾರ ಕಳೆದರೂ ಹಾಗೆಯೇ. ಕಿತ್ತು ನೋಡಿದರೆ ಕೆಳಗೆ ಒಂದಂಗುಲದ ದಾರ. ಕವಲು ಎಂಬುದೇ ಇಲ್ಲ. ಆಗ ಹೆಚ್ಚಿನವರ ಕೈ ಹೋಗುವುದು ಬೇರು ಬರಿಸುವ ಪುಡಿಯ ಕಡೆಗೆ. ನನ್ನ ಕೈಯೂ ಒಮ್ಮೆ ಹೋಗಿತ್ತು. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಮೊಳೆತ ಸಸಿಗೆ ಹಾರ್ಮೋನಿನ ಕೊರತೆ ಇರುವುದು ತೀರ ಅಪರೂಪ. ಬೇರು ಬರಿಸುವ ಹಾರ್ಮೋನಿನ ಹೆಸರು ಆಕ್ಸಿನ್, ಪುಡಿಯಲ್ಲಿರುವುದೂ ಆ ಬಗೆಯದೇ. ತನಗೆ ಬೇಕಾದ ಆಕ್ಸಿನ್ನನ್ನು ಸಸಿ ಕುಡಿಯಲ್ಲಿ ಮತ್ತು ಎಳೆ ಎಲೆಗಳಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಜೀವಕೋಶದಿಂದ ಜೀವಕೋಶಕ್ಕೆ ದಾಟುತ್ತ, ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ವೇಗದಲ್ಲಿ ಅದು ಬುಡಕ್ಕೆ ಇಳಿಯುತ್ತದೆ. ಬೇರಿನ ಒಳಪದರದಲ್ಲಿ ಎಲ್ಲಿ ಆಕ್ಸಿನ್ ಕೂಡಿಕೊಳ್ಳುತ್ತದೆಯೋ ಅಲ್ಲಿ ಕವಲು ಬೇರಿನ ಮೊಗ್ಗು ಏಳುತ್ತದೆ. ಬೇರಿನ ತುದಿಯಲ್ಲಿ ಹುಟ್ಟುವ ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ನೀರಿನೊಡನೆ ಮೇಲೇರಿ ಚಿಗುರನ್ನು ಬೆಳೆಸುತ್ತದೆ. ಕವಲು ಬೇರಿಗೆ ಮಾತ್ರ ಅದು ಕಡಿವಾಣ. ಈ ಎರಡರ ಜಗ್ಗಾಟವನ್ನು 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶದಲ್ಲಿ ತೋರಿಸಿದರು: ಆಕ್ಸಿನ್ ಪಾಲು ಹೆಚ್ಚಿದ್ದರೆ ಬೇರು, ಸೈಟೋಕೈನಿನ್ ಪಾಲು ಹೆಚ್ಚಿದ್ದರೆ ಚಿಗುರು. ಉಳಿದಂತೆ ಎಥಿಲೀನ್ ಎಂಬ ಅನಿಲ ಉಸಿರುಕಟ್ಟಿದ ಸುದ್ದಿಯನ್ನೂ, ಅಬ್ಸಿಸಿಕ್ ಆಮ್ಲವು ನೀರಡಿಕೆಯ ಸುದ್ದಿಯನ್ನೂ ಬೇರಿಗೆ ಮುಟ್ಟಿಸುತ್ತವೆ. ಕಾಂಡವನ್ನು ಉದ್ದವಾಗಿ ಎಳೆಯುವುದು ಜಿಬ್ಬೆರೆಲಿನ್.

ಹಾಗಾಗಿ ಬೇರು ನಿಂತಿತೆಂದರೆ ಗಾಳಿ, ನೀರು, ಬೆಳಕು, ಉಪ್ಪು ಇವುಗಳಲ್ಲಿ ಯಾವುದೋ ಒಂದು ಕೆಟ್ಟಿದೆ, ಹಾರ್ಮೋನುಗಳು ಆ ಸುದ್ದಿಯನ್ನು ನಿಷ್ಠೆಯಿಂದ ತಲುಪಿಸಿವೆ ಎಂದು ತಿಳಿಯಬೇಕು. ಅದನ್ನು ಬಿಟ್ಟು ಹೊರಗಿನಿಂದ ಆಕ್ಸಿನ್ ಸುರಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಮೊದಲು ಒಂದು ಸಸಿಯನ್ನು ಬಲಿ ಕೊಡಿ

ಎಲೆ ನೋಡಿ ಬೇರಿನ ಕಥೆ ಊಹಿಸುವುದು ಬೇಡ. ಸೊರಗಿದ ಸಸಿಗಳಲ್ಲಿ ಒಂದನ್ನು, ಚೆನ್ನಾಗಿರುವುದರಲ್ಲಿ ಒಂದನ್ನು ಆರಿಸಿ. ಜಗ್ಗಿ ಕೀಳಬಾರದು, ನಿಮಗೆ ಬೇಕಾದ ಬೇರು ಮಣ್ಣಿನಲ್ಲೇ ಉಳಿಯುತ್ತದೆ. ಚಮಚದಿಂದ ಮಣ್ಣುಮುದ್ದೆಯ ಸಮೇತ ಎತ್ತಿ, ಬಟ್ಟಲು ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ಮೆಲ್ಲಗೆ ಅಲುಗಾಡಿಸಿ. ಮಣ್ಣು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಪ್ಪು ಬಟ್ಟೆಯ ಮೇಲೆ ಹರಡಿ ನೋಡಿ.

ಆರೋಗ್ಯದ ಬೇರು ಹಾಲುಬಿಳುಪು. ತುದಿ ಮೊನಚು, ಕೊಂಚ ಹಳದಿ ಛಾಯೆ ಇದ್ದರೂ ಸರಿ. ತುದಿಯಿಂದ ಸ್ವಲ್ಪ ಹಿಂದೆ, ಬೆಳಕಿಗೆ ಹಿಡಿದರೆ, ಉಣ್ಣೆಯ ಜುಂಗಿನಂತೆ ಬೇರುರೋಮ ಕಾಣುತ್ತದೆ. ಮಣ್ಣಿನಲ್ಲಿ ಬೆಳೆದ ಸಸಿಯಲ್ಲಿ ರೋಮ ಹರಿದುಹೋಗಿ ಕಾಣದಿರಬಹುದು, ಅದಕ್ಕೆ ಗಾಬರಿ ಬೇಡ. ಆ ಭಾಗಕ್ಕೆ ಮಣ್ಣಿನ ಕಣಗಳು ಅಂಟಿಕೊಂಡಿದ್ದರೆ ರೋಮ ಇತ್ತು ಎಂದೇ ಅರ್ಥ. ಇನ್ನೂ ಹಿಂದೆ ಕವಲುಗಳು. ಕವಲು ಇಲ್ಲ, ಆದರೆ ತಾಯಿಬೇರು ಬಿಳಿಯಾಗಿದ್ದು ಉದ್ದವಾಗಿದೆ ಎಂದಾದರೆ ಕುಡಿಯನ್ನು ಪರೀಕ್ಷಿಸಿ. ಹುಳುವೋ ಬಸವನಹುಳುವೋ ಕುಡಿ ತಿಂದುಹಾಕಿದ್ದರೆ ಮೇಲಿನಿಂದ ಬರುವ ಆಕ್ಸಿನ್ ನಿಂತು ಕವಲು ತಡವಾಗುತ್ತದೆ. ಕೊನೆಗೊಮ್ಮೆ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಒಳ್ಳೆಯದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಉಳಿದದ್ದನ್ನು ಓದುವ ಮುಂಚೆಯೇ ನೀರು ಹಾಕುವುದನ್ನು ನಿಲ್ಲಿಸಿ.

ಕಾಂಡ ಉದ್ದ, ಬೇರು ಬಡಕಲು

ಸಸಿ ಬೆಳಕಿನ ಕಡೆ ವಾಲಿಕೊಂಡು, ನೂಲಿನಂಥ ಕಾಂಡದ ಮೇಲೆ ಎರಡು ಎಲೆ ಹೊತ್ತು ನಿಂತಿದೆ. ಮುಟ್ಟಿದರೆ ಬೀಳುತ್ತದೆ. ಇದರಲ್ಲಿ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ, ಬೆಳಕು ಸಾಲದು. ಕತ್ತಲೆಯಲ್ಲಿ ಸಸಿ ತನ್ನ ಸಕ್ಕರೆಯನ್ನೆಲ್ಲ ಕಾಂಡ ಎಳೆಯಲು ಸುರಿಯುತ್ತದೆ, ಬೇರಿಗೆ ಉಳಿಯುವುದು ಎಂಜಲು. ಕಾಂಡವನ್ನು ಎಳೆಯುವ ಜಿಬ್ಬೆರೆಲಿನ್ ಬುಡದಲ್ಲಿ ಹೊಸ ಬೇರು ಮೂಡುವುದನ್ನು ತಡೆಯಲೂಬಲ್ಲದು. ಈ ಹಾರ್ಮೋನು ಪತ್ತೆಯಾದದ್ದೇ ಇಂಥ ಸಸಿಗಳಿಂದ: ಅತಿ ಎತ್ತರಕ್ಕೆ ಬೆಳೆದು ಉರುಳುವ ಭತ್ತದ ಪೈರಿಗೆ ಕಾರಣ ಒಂದು ಶಿಲೀಂಧ್ರ ಸ್ರವಿಸುವ ವಸ್ತು ಎಂದು 1926ರಲ್ಲಿ ಜಪಾನಿನ ವಿಜ್ಞಾನಿ ಕುರೊಸಾವಾ ತೋರಿಸಿದ.

ಖರ್ಚಿಲ್ಲದ ಪರೀಕ್ಷೆ ಎಂದರೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಡುವುದು. ಮರುದಿನದೊಳಗೆ ಸಸಿಗಳು ಮತ್ತೆ ಅದೇ ಬೆಳಕಿನ ಕಡೆ ಬಾಗಿದರೆ ರೋಗನಿರ್ಣಯ ಮುಗಿಯಿತು. ಹೆಚ್ಚು ಬೆಳಕಿನ ಜಾಗಕ್ಕೆ ಎರಡು ಮೂರು ದಿನಗಳಲ್ಲಿ ಹಂತ ಹಂತವಾಗಿ ಸರಿಸಿ. ದೀಪದಡಿ ಬೆಳೆಸುವವರು ದಿನಕ್ಕೆ 14ರಿಂದ 16 ಗಂಟೆ ಉರಿಸಬೇಕು, ದೀಪವನ್ನು ಹತ್ತಿರ ತರಬೇಕು. ದಿನಕ್ಕೊಮ್ಮೆ ಅಂಗೈಯಿಂದ ಸಸಿಗಳ ತಲೆಯನ್ನು ಹತ್ತಿಪ್ಪತ್ತು ಬಾರಿ ಹಗುರಾಗಿ ಸವರಿದರೆ ಕಾಂಡ ಗಿಡ್ಡವಾಗಿ ಗಟ್ಟಿಯಾಗುತ್ತದೆ. ಗಾಳಿಯ ಹೊಡೆತಕ್ಕೆ ಸಿಕ್ಕೆನೆಂದು ಸಸಿ ತಿಳಿಯುತ್ತದೆ. ಮೋಸವೇ ಸರಿ, ಆದರೆ ಉಪಕಾರದ ಮೋಸ.

ಬೆಳಕು ಧಾರಾಳವಾಗಿದ್ದೂ ಹೀಗಾದರೆ ಸಾರಜನಕ ಹೆಚ್ಚಾಗಿದೆಯೇ ನೋಡಿ. ಎಲೆ ಕಡುಹಸಿರು, ಮೃದು, ಬೇರು ಅಲ್ಪ ಎಂದರೆ ಬಹುಶಃ ಅದೇ. ಬೇರಿಗೆ ಊಟ ಹುಡುಕುವ ಅಗತ್ಯವೇ ಬೀಳದಿದ್ದರೆ ಅದು ಏಕೆ ಅಲೆಯಬೇಕು? ನಿಜ ಎಲೆ ಎರಡು ಬರುವವರೆಗೆ ಗೊಬ್ಬರವೇ ಬೇಡ, ಆಮೇಲೂ ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲು ಭಾಗ ಸಾಕು.

ಬೇರು ಕಂದು, ಮೆತ್ತಗೆ, ಜಾರುತ್ತದೆ

ತೊಳೆದ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಸಿಪ್ಪೆ ಕಾಲುಚೀಲದಂತೆ ಜಾರಿ ಕೈಗೆ ಬಂದು, ಒಳಗಿನ ನೂಲು ಮಾತ್ರ ಉಳಿದರೆ ಬೇರು ಕೊಳೆತಿದೆ. ಪೀಥಿಯಂ ಜಾತಿಯ ಕೊಳೆರೋಗಾಣುಗಳ ಗುರುತು ಇದು. ಮಣ್ಣಿನ ಮಟ್ಟದಲ್ಲಿ ಕಾಂಡ ಸೊಂಟ ಹಿಂಡಿದಂತೆ ಸಪೂರವಾಗಿ ಕಪ್ಪಾಗಿ ಸಸಿ ಮಲಗಿಬಿಟ್ಟಿದ್ದರೆ ಅದು ಬುಡಕೊಳೆ. ಆ ಸಸಿಯ ಆಸೆ ಬಿಡಿ.

ಹೆಚ್ಚಿನ ಸಲ ರೋಗಾಣು ಬರುವುದು ಎರಡನೆಯ ಅಂಕದಲ್ಲಿ. ಮೊದಲ ಅಂಕ ನೀರಿನದು. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದಾಗ ಆಮ್ಲಜನಕ ಒಳಗೆ ಬರಲಾರದು, ಬೇರಿನಿಂದ ಹೊರಟ ಎಥಿಲೀನ್ ಹೊರಗೆ ಹೋಗಲಾರದು. ಅನಿಲಗಳು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹೀಗೆ ಸಿಕ್ಕಿಬಿದ್ದ ಎಥಿಲೀನ್ ಬೇರಿನ ಉದ್ದ ಬೆಳವಣಿಗೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಉಸಿರಿಲ್ಲದೆ ಸತ್ತ ಬೇರನ್ನು ತಿನ್ನಲು ಆಮೇಲೆ ರೋಗಾಣು ಬರುತ್ತದೆ.

ಇಲ್ಲಿ ಜನರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಬೇರು ಸತ್ತ ಸಸಿಯ ಎಲೆ ಬಾಡುತ್ತದೆ. ಬಾಡಿದ್ದು ಕಂಡ ಕೂಡಲೇ ನೀರು ಹಾಕುತ್ತಾರೆ. ತಟ್ಟೆಯನ್ನು ಕೈಯಲ್ಲೆತ್ತಿ ತೂಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ: ತಟ್ಟೆ ಭಾರವಾಗಿದ್ದೂ ಎಲೆ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ, ಹಗುರಾಗಿದ್ದು ಬಾಡಿದ್ದರೆ ಬಾಯಾರಿಕೆ. ಹಿಡಿ ಮಣ್ಣನ್ನು ಹಿಂಡಿದಾಗ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಹದ ಮೀರಿದೆ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆದುಹೋದರೆ ಹದ ಸರಿ.

ಪರಿಹಾರವೂ ಅಷ್ಟೇ ಸರಳ. ತಟ್ಟೆಯಡಿಯ ರಂಧ್ರಗಳು ಕಟ್ಟಿಕೊಂಡಿವೆಯೇ ನೋಡಿ, ಕೆಳಗಿನ ತಾಟಿನಲ್ಲಿ ನಿಂತ ನೀರನ್ನು ಚೆಲ್ಲಿ, ಮುಚ್ಚಳವಿದ್ದರೆ ತೆಗೆದು ಗಾಳಿಯಾಡಲು ಬಿಡಿ. ಮೇಲ್ಮೈ ಒಣಗಿ ಬಣ್ಣ ತಿಳಿಯಾಗುವವರೆಗೆ ನೀರಿಲ್ಲ. ಮಣ್ಣು ತಣ್ಣಗಿದ್ದರೆ ಒಣಗುವುದೂ ನಿಧಾನ, ಬೇರು ಬೆಳೆಯುವುದೂ ನಿಧಾನ. ಬಿಸಿಲ ಕಾಲದ ಬೆಳೆಗಳ ಸಸಿಗೆ ಬುಡದಲ್ಲಿ 20ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. ಸಸಿಗಳ ಮೇಲೆ ಚಿಕ್ಕ ಕರಿನೊಣಗಳು ಹಾರಾಡುತ್ತಿದ್ದರೆ ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲೆ ಮಗುಚಿಟ್ಟು ಎರಡು ದಿನ ಬಿಟ್ಟು ಎತ್ತಿ ನೋಡಿ. ಕಪ್ಪು ತಲೆಯ, ಗಾಜಿನಂಥ ಮರಿಹುಳುಗಳು ಅಂಟಿಕೊಂಡಿದ್ದರೆ ಬೇರುರೋಮ ಮೇಯುತ್ತಿರುವವು ಅವೇ. ಅವೂ ಹಸಿ ಹೆಚ್ಚಾದಲ್ಲೇ ಹುಟ್ಟುವುದು.

ಬುಡಕೊಳೆ ಬಂದ ತಟ್ಟೆಯ ಮಣ್ಣನ್ನು ಮತ್ತೆ ಸಸಿಗೆ ಬಳಸಬೇಡಿ. ತಟ್ಟೆಯನ್ನು ಉಜ್ಜಿ ತೊಳೆದು, ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೆನೆಸಿಟ್ಟು, ಮತ್ತೆ ಚೆನ್ನಾಗಿ ತೊಳೆದು ಒಣಗಿಸಿ. ಕೈಗವಸು ಇರಲಿ, ಕೆಲಸ ಬಯಲಿನಲ್ಲಿ ನಡೆಯಲಿ. ಬ್ಲೀಚ್ ಜೊತೆ ಅಮೋನಿಯಾವನ್ನಾಗಲಿ ವಿನೆಗರಿನಂಥ ಆಮ್ಲವನ್ನಾಗಲಿ ಎಂದಿಗೂ ಬೆರೆಸಬಾರದು. ಹೊರಡುವ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ.

ಕಾಂಡದ ಬುಡದಲ್ಲಿ ಬಿಳಿ ಗುಳ್ಳೆ

ಟೊಮ್ಯಾಟೊ ಸಸಿಯ ಕಾಂಡದ ಮೇಲೆ ರವೆಯಂಥ ಬಿಳಿ ಉಬ್ಬುಗಳು ಕಂಡರೆ ಮದ್ದು ಹುಡುಕಬೇಡಿ. ಅವು ಹೊರಬರಲು ಕಾದಿರುವ ಬೇರುಗಳು. ಕೆಳಗೆ ಗಾಳಿ ಸಾಲದಾದಾಗ ಎಥಿಲೀನ್ ಮತ್ತು ಆಕ್ಸಿನ್ ಸೇರಿ ಮೇಲೆ ಹೊಸ ಬೇರಿನ ಏರ್ಪಾಡು ಮಾಡುತ್ತವೆ. ಹವೆಯಲ್ಲಿ ತೇವ ಹೆಚ್ಚಿದ್ದರೂ ಹೀಗಾಗುವುದುಂಟು. ನೀರು ಕಡಿಮೆ ಮಾಡಿ, ನಾಟಿ ಮಾಡುವಾಗ ಬೀಜದಳದವರೆಗೆ ಹೂತುಬಿಡಿ. ವಾರದಲ್ಲಿ ಅವೆಲ್ಲ ಬೇರಾಗುತ್ತವೆ. ಈ ಸೌಲಭ್ಯ ಎಲ್ಲ ಗಿಡಗಳಿಗೂ ಇಲ್ಲ. ಕಾಂಡ ಹೂತರೆ ಕೊಳೆಯುವ ಸಸಿಗಳೇ ಹೆಚ್ಚು.

ಬೇರು ಗಿಡ್ಡ, ದಪ್ಪ, ಮೊಂಡು

ತೊಂದರೆಗಳ ಪೈಕಿ ನನಗೆ ಅತಿ ಕುತೂಹಲ ಹುಟ್ಟಿಸುವುದು ಇದು. ಬೇರು ಬಿಳಿಯಾಗಿಯೇ ಇದೆ, ಕೊಳೆತಿಲ್ಲ, ಆದರೆ ಉದ್ದವಾಗುವ ಬದಲು ದಪ್ಪವಾಗಿದೆ. ತುದಿ ಮೊನಚಿಲ್ಲದೆ ಬೆಂಕಿಕಡ್ಡಿಯ ತಲೆಯಂತಿದೆ. ಕಾರಣಗಳು ನಾಲ್ಕಾರು, ನೋಟ ಒಂದೇ, ಏಕೆಂದರೆ ಹಲವು ದಾರಿಗಳು ಕೊನೆಗೆ ಎಥಿಲೀನ್ ಎಂಬ ಒಂದೇ ಬಾಗಿಲಿಗೆ ಬಂದು ಸೇರುತ್ತವೆ.

ಈ ನೋಟವನ್ನು ಬಿಡಿಸಿದ ಕಥೆ ಹಳೆಯದು. 1901ರಲ್ಲಿ ನೆಲ್ಯುಬೊವ್ ಎಂಬ ಯುವ ಸಸ್ಯವಿಜ್ಞಾನಿ, ಪ್ರಯೋಗಾಲಯದ ಕತ್ತಲಲ್ಲಿ ಬೆಳೆಸಿದ ಬಟಾಣಿ ಮೊಳಕೆಗಳು ಗಿಡ್ಡವಾಗಿ, ಊದಿಕೊಂಡು, ಅಡ್ಡಡ್ಡ ಬೆಳೆಯುವುದನ್ನು ಕಂಡ. ಅದೇ ಬಟಾಣಿ ಹೊರಗಿನ ಶುದ್ಧ ಗಾಳಿಯಲ್ಲಿ ನೆಟ್ಟಗೆ ಬೆಳೆಯುತ್ತಿತ್ತು. ದೀಪ ಉರಿಸಲು ಬಳಸುತ್ತಿದ್ದ ಅನಿಲದಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣವೆಂದು ಅವನು ತೋರಿಸಿದ. ನೀವು ಮಾಡಬೇಕಾದ ಮೊದಲ ಪರೀಕ್ಷೆಯೂ ಅದೇ ಜಾತಿಯದು: ಸಸಿ ಇಟ್ಟ ಜಾಗದಲ್ಲಿ ಮಾಗುತ್ತಿರುವ ಹಣ್ಣಿನ ಬುಟ್ಟಿ ಇದೆಯೇ? ಸರಿಯಾಗಿ ಉರಿಯದ ಅನಿಲದ ಒಲೆಯೋ ಹೀಟರೋ ಇದೆಯೇ? ಇದ್ದರೆ ಸಸಿಯನ್ನು ಬೇರೆಡೆ ಸಾಗಿಸಿ ನಾಲ್ಕು ದಿನ ನೋಡಿ. ಒಲೆಯ ಬಗ್ಗೆ ಅನುಮಾನವಿದ್ದರೆ ಅದನ್ನು ಸಸಿಗಾಗಿ ಅಲ್ಲ, ನಿಮಗಾಗಿಯೇ ಮೊದಲು ಪರೀಕ್ಷಿಸಿ. ಅರೆಬರೆ ಉರಿಯುವ ಒಲೆ ಕಾರ್ಬನ್ ಮಾನಾಕ್ಸೈಡನ್ನೂ ಬಿಡುತ್ತದೆ.

ಗಾಳಿ ಶುದ್ಧವಿದೆ ಎಂದಾದರೆ ಮಣ್ಣಿನ ಬಿಗಿ ನೋಡಿ. ಪೆನ್ಸಿಲನ್ನು ಒಂದು ಬೆರಳಿನಿಂದ ಒತ್ತಿದಾಗ ಇಳಿಯದಿದ್ದರೆ ಎಳೆ ಬೇರಿಗೂ ಅಲ್ಲಿ ದಾರಿ ಕಷ್ಟ. ಗಟ್ಟಿ ಮಣ್ಣಿನಲ್ಲಿ ಬೇರು ತಳ್ಳಲಾರದೆ ಸೋಲುತ್ತದೆ ಎಂದೇ ಬಹುಕಾಲ ತಿಳಿಯಲಾಗಿತ್ತು. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆಯದೇ ಚಿತ್ರ ಕೊಟ್ಟಿತು: ಎಥಿಲೀನಿಗೆ ಕಿವುಡಾದ ಭತ್ತದ ತಳಿಗಳ ಬೇರು ಬಿಗಿಯಾದ ಮಣ್ಣಿನಲ್ಲೂ ಸಾಮಾನ್ಯ ತಳಿಗಿಂತ ಚೆನ್ನಾಗಿ ಇಳಿಯಿತು. ಅಂದರೆ ಒತ್ತಿಹೋದ ರಂಧ್ರಗಳಲ್ಲಿ ಸಿಕ್ಕಿಬಿದ್ದ ಎಥಿಲೀನೇ ಬೇರಿಗೆ ‘ಇಲ್ಲಿಗೆ ನಿಲ್ಲು’ ಎನ್ನುತ್ತದೆ. ತಟ್ಟೆ ತುಂಬುವಾಗ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತುಂಬುವವರು ಈ ಮಾತು ನೆನಪಿಡಬೇಕು. ತಟ್ಟೆಯನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರೆ ಸಾಕು.

ಮಣ್ಣು ಹಗುರಾಗಿದ್ದೂ ಬೇರು ಮೊಂಡಾದರೆ ಉಪ್ಪು ಮತ್ತು ಹುಳಿ. ಮಣ್ಣಿನ ಮೇಲೆ ಬಿಳಿ ಹಪ್ಪಳೆ ಕಟ್ಟಿದೆಯೇ, ಬೇರಿನ ತುದಿ ಸುಟ್ಟಂತಿದೆಯೇ ನೋಡಿ. ತೊಳೆಯದ ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಧಾರಾಳ. ಅದನ್ನು ಬಳಸಿದ್ದರೆ ಅನುಮಾನ ಮೊದಲು ಅದರ ಮೇಲೇ ಇರಲಿ. ಒಳ್ಳೆಯ ನೀರನ್ನು ಅಡಿಯಿಂದ ಹರಿದುಹೋಗುವಷ್ಟು ಎರಡು ಮೂರು ಬಾರಿ ಹಾಯಿಸಿ, ಬಸಿಯಲು ಬಿಡಿ. ಹುಳಿಮಣ್ಣಿನಲ್ಲಿ, ಅಂದರೆ ಪಿಎಚ್ 5.5ಕ್ಕಿಂತ ತೀರ ಕೆಳಗಿಳಿದಾಗ, ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ನೇರವಾಗಿ ಹಾಳುಮಾಡುತ್ತದೆ. ಇದಕ್ಕೆ ಪಿಎಚ್ ಪಟ್ಟಿ ಬೇಕು, ಕಣ್ಣಳತೆ ಸಾಲದು.

ಉಳಿದದ್ದು ನಾವೇ ಮಾಡಿಕೊಳ್ಳುವ ತಪ್ಪು, ಹೊರಗಿನ ಆಕ್ಸಿನ್. ಕಾಂಡ ಉದ್ದವಾಗಲು ಹಿತವಾದ ಆಕ್ಸಿನ್ ಪ್ರಮಾಣ ಬೇರಿಗೆ ವಿಷ. ಬೇರು ಬಯಸುವುದು ಅದರ ಸಾವಿರಾರು ಪಾಲಿನಲ್ಲಿ ಒಂದನ್ನು ಮಾತ್ರ. ಹೆಚ್ಚಾದ ಆಕ್ಸಿನ್ ಸಸಿಯೊಳಗೆ ಎಥಿಲೀನ್ ಉತ್ಪಾದನೆಯನ್ನೂ ಎಬ್ಬಿಸುತ್ತದೆ. ನಾನು ಮಾಡಿದ್ದು ಇದನ್ನೇ. ಕವಲು ಬರದ ಟೊಮ್ಯಾಟೊ ಸಸಿಗಳ ಬುಡಕ್ಕೆ ಬೇರುಪುಡಿ ಕಲಸಿದ ನೀರು ಹಾಕಿದೆ. ಐದನೆಯ ದಿನ ಎಲೆಗಳು ಛತ್ರಿ ಮಡಚಿದಂತೆ ಕೆಳಗೆ ಬಾಗಿದವು. ತೊಳೆದು ನೋಡಿದರೆ ತಾಯಿಬೇರು ಅಲ್ಲೇ ನಿಂತಿತ್ತು, ತುದಿಯ ಹಿಂದೆ ಹಲ್ಲುಜ್ಜುವ ಬ್ರಷ್ಷಿನ ಕೂದಲಂತೆ ಒತ್ತೊತ್ತಾಗಿ ಗಿಡ್ಡ ಮೊಳಕೆಗಳು, ಒಂದೂ ಅರ್ಧ ಸೆಂಟಿಮೀಟರ್ ದಾಟಿರಲಿಲ್ಲ. ಕವಲು ಕೇಳಿದ್ದೆ, ಸಿಕ್ಕಿತು. ಬೆಳೆಯುವ ಕವಲು ಬೇಕೆಂದು ಕೇಳಿರಲಿಲ್ಲ. ಅಸಲಿ ತೊಂದರೆ ತಟ್ಟೆಯಡಿಯ ರಂಧ್ರಗಳನ್ನು ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆಯಾಗಿತ್ತು.

ಬೇರು ಮೇಲಕ್ಕೆ ಬಂದಿದೆ, ಸುತ್ತಿಕೊಂಡಿದೆ

ಬೇರಿನ ತುದಿಯ ಟೊಪ್ಪಿಯಲ್ಲಿ ಪಿಷ್ಟದ ಕಾಳುಗಳಿವೆ. ಸಸಿ ಮಲಗಿದರೆ ಅವು ಉರುಳಿ ಕೆಳಬದಿಗೆ ಕೂರುತ್ತವೆ, ಆಕ್ಸಿನ್ ಆ ಬದಿಗೆ ಹೆಚ್ಚು ಹರಿಯುತ್ತದೆ, ಆ ಬದಿಯ ಬೆಳವಣಿಗೆ ತಗ್ಗಿ ಬೇರು ಕೆಳಗೆ ಬಾಗುತ್ತದೆ. ಈ ಏರ್ಪಾಡು ಕೆಡುವುದು ಬಲು ಅಪರೂಪ. ಮೊಳಕೆಯ ಬೇರು ಗಾಳಿಯಲ್ಲಿ ಕೊಕ್ಕೆಯಾಗಿ ನಿಂತಿದ್ದರೆ ಬೀಜ ಮೇಲೆಯೇ ಉಳಿದು, ಬೇರಿಗೆ ಇಳಿಯಲು ಹಿಡಿತ ಸಿಗದೆ, ಅದು ಬೀಜವನ್ನೇ ಎತ್ತಿದೆ ಎಂದರ್ಥ. ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮುಚ್ಚಿ, ನೀರು ಚಿಮುಕಿಸಿ. ಬೆಳಕು ಬಿದ್ದರೆ ಮಾತ್ರ ಮೊಳೆಯುವ ಸಣ್ಣ ಬೀಜಗಳಿಗೆ ಈ ಮಾತು ಸಲ್ಲದು, ಅವನ್ನು ಮೇಲಿಂದ ಅದುಮಿದರೆ ಸಾಕು. ಬೇರು ಕುಂಡದ ಗೋಡೆಗುಂಟ ಸುತ್ತಿದ್ದರೆ ಸಸಿ ತಟ್ಟೆಯಲ್ಲಿ ಕುಳಿತ ದಿನ ಹೆಚ್ಚಾಯಿತು, ಅಷ್ಟೇ.

ಎಲೆ ತಿರುಚಿದೆ, ಕಾಂಡ ಸುರುಳಿಯಾಗಿದೆ, ಬೇರು ಬುಡದಲ್ಲಿ ಊದಿದೆ

ಇಲ್ಲಿ ಸ್ವಲ್ಪ ಎಚ್ಚರವಾಗಿ ಓದಿ. ಹೊಸ ಎಲೆಗಳು ಬಟ್ಟಲಿನಂತೆ ಮುದುಡಿ, ಜರಿಗಿಡದ ಎಲೆಯಂತೆ ಕಿರಿದಾಗಿ ಸುತ್ತಿಕೊಂಡಿದ್ದರೆ ಆಕ್ಸಿನ್ನನ್ನು ಹೋಲುವ ಕಳೆನಾಶಕ ತಾಗಿರಬಹುದು. 2,4-ಡಿ, ಡಿಕಾಂಬಾ ಇವು ಗಾಳಿಯಲ್ಲಿ ತೇಲಿ ಬರುತ್ತವೆ, ಸರಿಯಾಗಿ ತೊಳೆಯದ ಸಿಂಪರಣಾ ಯಂತ್ರದಲ್ಲೂ ಉಳಿದಿರುತ್ತವೆ. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್, ಪಿಕ್ಲೋರಾಮ್ ಇವುಗಳ ದಾರಿ ಇನ್ನೂ ಗುಪ್ತ. ಹುಲ್ಲಿಗೆ ಸಿಂಪಡಿಸಿದ್ದು ದನದ ಹೊಟ್ಟೆಯಲ್ಲಿ ಕರಗದೆ ಸಗಣಿಗೆ, ಸಗಣಿಯಿಂದ ಗೊಬ್ಬರಕ್ಕೆ, ಗೊಬ್ಬರದಿಂದ ನಿಮ್ಮ ಸಸಿ ತಟ್ಟೆಗೆ ಬಂದುಬಿಡುತ್ತದೆ. ಕಾಂಪೋಸ್ಟ್ ಗುಂಡಿಯಲ್ಲೂ ಅದು ಬೇಗ ನಾಶವಾಗುವುದಿಲ್ಲ. ಹುಲ್ಲು, ಧಾನ್ಯದ ಪೈರುಗಳಿಗೆ ಏನೂ ಆಗದು. ಟೊಮ್ಯಾಟೊ, ಹುರುಳಿಕಾಯಿ, ಬಟಾಣಿ ಮಾತ್ರ ತಿರುಚಿಕೊಳ್ಳುತ್ತವೆ. ಒಂದೇ ಮಣ್ಣಿನಲ್ಲಿ ಜೋಳ ಚೆನ್ನಾಗಿದ್ದು ಟೊಮ್ಯಾಟೊ ಹಾಳಾದರೆ ಅದೇ ದೊಡ್ಡ ಸುಳಿವು.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ, ಬೀನ್ಸ್ ಬೀಜ ಸಾಕು. ಅನುಮಾನದ ಗೊಬ್ಬರ ಬೆರೆಸಿದ ಮಣ್ಣನ್ನು ಮೂರು ಕುಂಡಗಳಿಗೆ, ಆ ಗೊಬ್ಬರವಿಲ್ಲದ ಮಣ್ಣನ್ನು ಇನ್ನು ಮೂರಕ್ಕೆ ತುಂಬಿ, ತಲಾ ಮೂರು ಬೀಜ ಹಾಕಿ. ಒಂದರಿಂದ ಇಳಿದ ನೀರು ಇನ್ನೊಂದಕ್ಕೆ ತಾಗದಂತೆ ಬೇರೆ ಬೇರೆ ತಾಟಿನಲ್ಲಿಡಿ. ಎರಡು ಮೂರು ವಾರ, ಮೂರನೆಯ ಎಲೆಗೊಂಚಲು ಬರುವವರೆಗೆ ನೋಡಿ. ಮೊದಲ ಗುಂಪಿನಲ್ಲಿ ಮಾತ್ರ ಎಲೆ ಮುದುಡಿದರೆ ಗೊಬ್ಬರ ಕೆಟ್ಟಿದೆ. ತರಕಾರಿ, ಹೂವಿನ ಮಡಿಗೆ ಅದನ್ನು ಬಳಸಬೇಡಿ, ಬೇರೆಯವರಿಗೂ ಕೊಡಬೇಡಿ. ಕಳೆನಾಶಕ ತಾಗಿದ ತರಕಾರಿ ಗಿಡ ಚೇತರಿಸಿಕೊಂಡರೂ ಅದರ ಫಸಲನ್ನು ಉಣ್ಣುವ ವಿಷಯದಲ್ಲಿ ತಜ್ಞರನ್ನು ಕೇಳದೆ ಮುಂದುವರಿಯಬಾರದು.

ಬೇರಿನಲ್ಲಿ ಗಂಟುಗಳಿದ್ದು ಎಲೆ ಸರಿಯಿದ್ದರೆ ವಿಷಯ ಬೇರೆ. ದ್ವಿದಳ ಸಸಿಯ ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡು, ಉಗುರು ತಾಗಿಸಿದರೆ ಕಳಚಿ ಬೀಳುವ, ಒಳಗೆ ಗುಲಾಬಿ ಬಣ್ಣದ ಗಂಟು ಸಾರಜನಕ ಹಿಡಿಯುವ ಸೂಕ್ಷ್ಮಾಣುಗಳದು, ಸಂತೋಷಪಡಿ. ಬೇರೇ ಊದಿ ಗಂಟಾಗಿದ್ದು ಕಳಚದಿದ್ದರೆ ಜಂತುಹುಳು ಬಾಧೆ. ಆ ಸಸಿಯನ್ನು ಹೊಲಕ್ಕೆ ನಾಟಿ ಮಾಡಲೇಬೇಡಿ.

ಹಾಗಾದರೆ ಪುಡಿ ಯಾವಾಗ?

ಬೇರೇ ಇಲ್ಲದ ತುಂಡಿಗೆ. ಗಾಳಿಗೆ ಕುತ್ತಿಗೆ ಮುರಿದ ಸಸಿಯ ಮೇಲಿನ ಅರ್ಧ, ಗಿಡದಿಂದ ಕತ್ತರಿಸಿದ ಕಡ್ಡಿ, ಇವಕ್ಕೆ ಪುಡಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಗಿಡದ ಸ್ವಂತ ಆಕ್ಸಿನ್ ಬೆಳಕಿಗೆ ಬೇಗ ಒಡೆದುಹೋಗುವುದರಿಂದ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಅದಕ್ಕಿಂತ ಬಾಳಿಕೆಯ ಐಬಿಎ ಅಥವಾ ಎನ್‌ಎಎ ಎಂಬ ಆಕ್ಸಿನ್‌ಗಳು. ಎಳೆ ಹಸಿ ಕಡ್ಡಿಗೆ ಐಬಿಎ ಶೇಕಡ 0.1, ಅಂದರೆ 1,000 ಪಿಪಿಎಂ. ಅರೆ ಬಲಿತದ್ದಕ್ಕೆ 0.3, ಗಟ್ಟಿ ಕಡ್ಡಿಗೆ 0.8. ದಶಮಾಂಶದ ಚುಕ್ಕಿಯನ್ನು ಎರಡು ಸಲ ಓದಿ. ಗಟ್ಟಿ ಕಡ್ಡಿಯ ಪುಡಿಯನ್ನು ಎಳೆ ಕಡ್ಡಿಗೆ ಹಚ್ಚಿದರೆ ಬುಡ ಒಂದೆರಡು ಸೆಂಟಿಮೀಟರ್ ಕಪ್ಪಾಗಿ ಸಾಯುತ್ತದೆ, ಕೊಳೆ ಎಂದು ತಿಳಿದು ನೀವು ಶಿಲೀಂಧ್ರನಾಶಕ ಹುಡುಕುತ್ತೀರಿ.

ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಸುರಿದುಕೊಂಡು, ಬುಡ ಅದ್ದಿ, ತಟ್ಟಿ ಹೆಚ್ಚಿನದನ್ನು ಉದುರಿಸಿ, ಮೊದಲೇ ಮಾಡಿಟ್ಟ ತೂತಿನಲ್ಲಿ ಊರಿ. ಡಬ್ಬಿಯೊಳಗೇ ಅದ್ದಿದರೆ ತೇವ ಮತ್ತು ರೋಗಾಣು ಸೇರಿ ಉಳಿದದ್ದೂ ಹಾಳು. ಕಡ್ಡಿಯ ಬುಡದಲ್ಲಿ ಬಿಳಿ ಗಡ್ಡೆಯಂಥ ಅಂಗಾಂಶ ಕಟ್ಟಿ ವಾರಗಟ್ಟಲೆ ಬೇರು ಬರದಿದ್ದರೆ ಮತ್ತೆ ಪುಡಿ ಹಚ್ಚಬೇಡಿ, ಬುಡದ ಶಾಖವನ್ನೂ ತೇವವನ್ನೂ ನೋಡಿ. ಎಳನೀರಿನಲ್ಲಿ ನೆನೆಸುವವರಿದ್ದಾರೆ. ಅದರಲ್ಲಿ ಸೈಟೋಕೈನಿನ್ ಇರುವುದರಿಂದಲೇ ಅಂಗಾಂಶ ಕೃಷಿಯವರು ಅದನ್ನು ಬಳಸಿದ್ದು. ಬೇರಿಗೆ ಅದು ನೆಚ್ಚಬಹುದಾದ ಗೆಳೆಯನಲ್ಲ. ಜೇನುತುಪ್ಪ ರೋಗಾಣುವನ್ನು ತಡೆದೀತು, ಬೇರು ಹುಟ್ಟಿಸದು.

ಪುಡಿಯ ದೂಳು ಮೂಗಿಗೆ, ಕಣ್ಣಿಗೆ ಹೋಗದಂತೆ ಮುಖಗವಸು, ಕೈಗವಸು ಹಾಕಿಕೊಳ್ಳಿ. ಐಬಿಎ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ದ್ರವರೂಪದಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ, ಬೆಂಕಿಯಿಂದ ದೂರವಿಡಿ. ಅಡುಗೆಯ ಪಾತ್ರೆ ಬಳಸಬೇಡಿ. ಮಕ್ಕಳ ಕೈಗೆ ಸಿಗದ, ತಂಪಾದ ಕತ್ತಲ ಜಾಗದಲ್ಲಿಡಿ.

ಯಾವಾಗ ಕೈಬಿಟ್ಟು ತಜ್ಞರ ಬಳಿ ಹೋಗಬೇಕು

ಎರಡು ದಿನದೊಳಗೆ ಅರ್ಧಕ್ಕೂ ಹೆಚ್ಚು ಸಸಿ ಮಲಗಿದರೆ, ಬೇರೆ ಬೇರೆ ಜಾತಿಯ ಸಸಿಗಳಲ್ಲಿ ಒಂದೇ ಬಗೆಯ ತಿರುಚು ಕಂಡರೆ, ಬೇರಿನಲ್ಲಿ ಕಳಚದ ಗಂಟಿದ್ದರೆ, ಅಥವಾ ನೀರು, ಗಾಳಿ, ಬೆಳಕು ಮೂರನ್ನೂ ಸರಿಪಡಿಸಿ ಹತ್ತು ದಿನವಾದರೂ ಹೊಸ ಬಿಳಿ ತುದಿ ಕಾಣದಿದ್ದರೆ ಮನೆಮದ್ದು ಸಾಕು. ಸಸ್ಯರೋಗ ತಜ್ಞರಿಗೆ ಸತ್ತ ಸಸಿ ಒಯ್ದರೆ ಪ್ರಯೋಜನ ಕಡಿಮೆ. ಈಗಷ್ಟೇ ಸೊರಗತೊಡಗಿದ ನಾಲ್ಕೈದು ಸಸಿಗಳನ್ನು ಮಣ್ಣುಮುದ್ದೆ ಸಮೇತ, ಜೊತೆಗೆ ಒಂದೆರಡು ಆರೋಗ್ಯದ ಸಸಿಗಳನ್ನೂ ಕಾಗದದಲ್ಲಿ ಸುತ್ತಿ ಒಯ್ಯಿರಿ. ನೀರು ಸೋರುವ ಪ್ಲಾಸ್ಟಿಕ್ ಚೀಲದಲ್ಲಿ ದಾರಿಯಲ್ಲೇ ಕೊಳೆತು, ಅಸಲಿ ರೋಗ ಯಾವುದು, ಪ್ರಯಾಣದ ರೋಗ ಯಾವುದು ಎಂದು ಅವರಿಗೂ ತಿಳಿಯುವುದಿಲ್ಲ. ಯಾವ ಗೊಬ್ಬರ, ಯಾವ ಸಿಂಪರಣೆ, ಯಾವ ದಿನ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಪುಡಿ ಹಾಕಿದ್ದರೆ ಅದನ್ನೂ ನಾಚದೆ ಬರೆಯಿರಿ.

ಸರಿಪಡಿಸಿದ ಮೇಲೆ ಕೆಟ್ಟ ಬೇರು ಮತ್ತೆ ಬಿಳಿಯಾಗುವುದಿಲ್ಲ, ಹಾಗಾಗಿ ಅದನ್ನೇ ನೋಡುತ್ತ ಕೂರಬೇಡಿ. ನಾಲ್ಕೈದು ದಿನ ಬಿಟ್ಟು ಇನ್ನೊಂದು ಸಸಿಯನ್ನು ಅದೇ ರೀತಿ ನೀರಿನಲ್ಲಿ ಬಿಡಿಸಿ ನೋಡಿ. ಕಂದು ಬೇರಿನ ಮೇಲ್ಭಾಗದಲ್ಲಿ, ಕಾಂಡಕ್ಕೆ ತಾಗಿದಂತೆ, ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಸಾಲಾಗಿ ಎದ್ದಿದ್ದರೆ ಉಳಿದವನ್ನು ಇನ್ನು ಕೀಳಬೇಡಿ.